ಗದ್ದೆಯ ಮೇಲಿನ ಗೆರೆ

ಯಮುನಳ ಮೊಬೈಲಿನಲ್ಲಿ ಅವಳು ದಿನಾ ಬೆಳಿಗ್ಗೆ ಓಡುವ ದಾರಿ ಕಿತ್ತಳೆ ಬಣ್ಣದ ಗೆರೆಯಾಗಿ ಮೂಡುತ್ತಿತ್ತು. ಮನೆಯಿಂದ ಹೊರಟ ಗೆರೆ ರಸ್ತೆಯ ಒಂದೊಂದು ತಿರುವನ್ನೂ ಬಳಸಿಕೊಂಡು ಗುರುವಪ್ಪನವರ ಗೇಟಿನವರೆಗೆ ಸರಿಯಾಗಿಯೇ ಬರುತ್ತಿತ್ತು. ಅಲ್ಲಿಂದ ಅದಕ್ಕೆ ಏನಾಗುತ್ತಿತ್ತೋ, ರಸ್ತೆಯನ್ನೇ ಬಿಟ್ಟು, ದಾರ ಎಳೆದು ಕಟ್ಟಿದ ಹಾಗೆ ನೆಟ್ಟಗೆ ಗದ್ದೆಯ ಬಯಲಿನ ಮೇಲೆ ಹಾದು, ಆಚೆ ಬದಿಯ ಭಗವತಿ ಗುಡಿಯ ಹತ್ತಿರ ಮತ್ತೆ ರಸ್ತೆಗೆ ಸೇರಿ, ಏನೂ ನಡೆದೇ ಇಲ್ಲವೆಂಬಂತೆ ತಿರುವುಗಳಲ್ಲಿ ಹೊರಳುತ್ತ ಮನೆಗೆ ಮರಳುತ್ತಿತ್ತು.

ಬೆಳಗಿನ ಓಟದಲ್ಲಿ ಯಮುನ ಯಾವ ದಿನವೂ ಗದ್ದೆಗೆ ಇಳಿದವಳಲ್ಲ. ಸೆಪ್ಟೆಂಬರಿನ ಆ ದಿನಗಳಲ್ಲಿ ಪೈರು ಮೊಣಕಾಲು ದಾಟಿ ಬೆಳೆದಿತ್ತು. ಇಳಿದಿದ್ದರೆ ಗದ್ದೆಯವರು ಸುಮ್ಮನೆ ಬಿಡುತ್ತಲೂ ಇರಲಿಲ್ಲ. ಬಯಲನ್ನು ಲಾಳದ ಆಕಾರದಲ್ಲಿ ಸುತ್ತಿ ಹೋಗುವ ಏರುರಸ್ತೆಯಲ್ಲಿ, ತೋಟದ ಸಿಲ್ವರ್ ಓಕ್ ಮರಗಳ ನೆರಳಲ್ಲಿ, ಏದುಸಿರು ಬಿಡುತ್ತ ಅವಳು ಓಡುತ್ತಿದ್ದಳು. ಆದರೂ ಗೆರೆ ಹಾಗೇ ಬರುತ್ತಿತ್ತು.

ಗೆರೆಯ ಕೆಳಗಿನ ಅಂಕಿ ಅದಕ್ಕಿಂತ ವಿಚಿತ್ರ. ಒಂದು ಕಿಲೋಮೀಟರು ಓಡಲು ಹಿಡಿಯುವ ಸಮಯಕ್ಕೆ ಓಟಗಾರರು ಪೇಸ್ ಎನ್ನುತ್ತಾರೆ. ಕೈಯಲ್ಲಿದ್ದ ಗಡಿಯಾರ ಆರೂವರೆ ನಿಮಿಷ ಎಂದು ತೋರಿಸುತ್ತಿತ್ತು. ಅದೇ ಓಟ ಗಡಿಯಾರದಿಂದ ಮೊಬೈಲಿನ ಆಪಿಗೆ ಇಳಿದ ಕೂಡಲೇ ಐದೂವರೆ ಆಗಿಬಿಡುತ್ತಿತ್ತು. ದೂರದ ಲೆಕ್ಕವೂ ಹಾಗೆಯೇ. ಗಡಿಯಾರದ್ದೊಂದು, ಆಪಿನದೊಂದು. ಗಂಡ ಬೆಳ್ಯಪ್ಪ ಪಿಕಪ್ಪಿನಲ್ಲಿ ಅದೇ ದಾರಿಯನ್ನು ಸುತ್ತಿ ಬಂದರೆ ಮೀಟರಿನಲ್ಲಿ ಎಂಟು ಕಿಲೋಮೀಟರು ಬರುತ್ತಿತ್ತು. ಅದು ಇವೆರಡಕ್ಕಿಂತಲೂ ಹೆಚ್ಚು.

“ಮರದ ಅಡಿಯಲ್ಲಿ ಸಿಗ್ನಲ್ ಸಿಕ್ಕೂದಿಲ್ಲ ಅಮ್ಮ,” ಎಂದು ಮಗಳು ದಿವ್ಯ ಫೋನಿನಲ್ಲಿ ಹೇಳಿದ್ದಳು. ಅವಳು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿನ ವಿದ್ಯಾರ್ಥಿನಿ. ಮರಗಳ ವಿಷಯದಲ್ಲಿ ಅವಳ ಮಾತೇ ಕೊನೆ. ನಾಲ್ಕು ತಿಂಗಳ ಹಿಂದೆ ಆ ಗಡಿಯಾರವನ್ನು ಸಹಪಾಠಿಯೊಬ್ಬಳಿಂದ ಕಡಿಮೆ ಬೆಲೆಗೆ ಕೊಂಡು ಅಮ್ಮನ ಕೈಗೆ ಕಟ್ಟಿದವಳೂ ಅವಳೇ. ಹಳೆಯ ಗಡಿಯಾರ. ಮುಟ್ಟಿದರೆ ನಡುಗಿ ತಿಳಿಸುವ ಅದರ ಕಂಪನ ಯಾವಾಗಲೋ ಸತ್ತಿತ್ತು, ದನಿಯೂ ಇರಲಿಲ್ಲ. ಉಳಿದದ್ದೆಲ್ಲ ಚೆನ್ನಾಗಿದೆ ಎಂದು ದಿವ್ಯ ಹೇಳಿದ್ದಳು. ಯಮುನ ನಂಬಿದ್ದಳು.

ಐದೂವರೆಯನ್ನೂ ಅವಳು ನಂಬಿದ್ದಳು. ನಂಬಲು ಅವಳಿಗೆ ಕಾರಣವಿತ್ತು.

*

ಚೇರಂಬಾಣೆಯಿಂದ ಒಳಗೆ ಹೋದರೆ ಕರಿಬಾಣೆ. ಅಲ್ಲಿ ಬೆಳ್ಯಪ್ಪ ಮತ್ತು ಯಮುನ ಕಾಫಿ ಹಾಗೂ ಕರಿಮೆಣಸಿನ ಗಿಡಗಳ ಸಣ್ಣ ನರ್ಸರಿ ಇಟ್ಟುಕೊಂಡಿದ್ದಾರೆ. ಮಣ್ಣು ಜರಡಿ ಹಿಡಿಯುವುದು, ಗೊಬ್ಬರ ಬೆರೆಸುವುದು, ತೊಟ್ಟೆ ಎನ್ನುವ ಪ್ಲಾಸ್ಟಿಕ್ ಚೀಲಗಳಿಗೆ ತುಂಬುವುದು, ತುಂಬಿದ ತೊಟ್ಟೆಗಳನ್ನು ಸಾಲಾಗಿ ನೆರಳಲ್ಲಿ ನಿಲ್ಲಿಸುವುದು ಯಮುನಳ ಕೆಲಸ. ಗಿಡಗಳನ್ನು ಪಿಕಪ್ಪಿಗೆ ಏರಿಸಿ ಊರೂರಿಗೆ ಮುಟ್ಟಿಸುವುದು ಬೆಳ್ಯಪ್ಪನ ಕೆಲಸ. ಕುಕ್ಕರಗಾಲಿನಲ್ಲಿ ಕೂತು ದಿನವಿಡೀ ತೊಟ್ಟೆ ತುಂಬಿದವಳ ತೊಡೆಯಲ್ಲಿ ಎಂಥ ಶಕ್ತಿ ಕೂಡಿಕೊಳ್ಳುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಶಾಲೆಯಲ್ಲಿ ಅವಳು ಓಟಗಾತಿ. ಬರಿಗಾಲಲ್ಲಿ ಓಡಿ ತಾಲ್ಲೂಕಿನಲ್ಲಿ ಗೆದ್ದು, ಹತ್ತನೇ ತರಗತಿಯಲ್ಲಿ ಜಿಲ್ಲೆಯ ರಿಲೇ ತಂಡಕ್ಕೆ ಹೆಸರು ಬರೆಸಿಕೊಂಡಿದ್ದಳು. ನಾಲ್ವರಿಗೂ ಹಳದಿ ಶರ್ಟು ಹೊಲಿಸಿದ್ದರು, ಬೆನ್ನಿನ ಮೇಲೆ ಕೊಡಗು ಎಂದು ದೊಡ್ಡದಾಗಿ ಬರೆದದ್ದು. ಹೊರಡುವ ವಾರ ಅವಳಿಗೆ ಮೈತುಂಬ ಸೀತಾಳೆ ಸಿಡುಬು ಎದ್ದಿತು. ಶರ್ಟು ಇನ್ನೊಬ್ಬಳ ಮೈಗೆ ಹೋಯಿತು. ಆಮೇಲೆ ಓಡಲು ಹೇಳುವವರು ಯಾರೂ ಇರಲಿಲ್ಲ, ಬೇಡವೆನ್ನುವವರೂ ಇರಲಿಲ್ಲ. ಓಟ ತಾನಾಗಿಯೇ ನಿಂತಿತು. ಮದುವೆಯಾಯಿತು, ಕರಿಬಾಣೆಗೆ ಬಂದಳು, ದಿವ್ಯ ಹುಟ್ಟಿದಳು.

ನಾಲ್ಕು ವರ್ಷದ ಹಿಂದಿನ ನಾಟಿಯ ಕೊನೆಯ ದಿನ ಗುರುವಪ್ಪನವರ ದೊಡ್ಡ ಗದ್ದೆಯಲ್ಲಿ ಓಟ ಇಟ್ಟಿದ್ದರು. ಕಟ್ಟಕಡೆಗೆ ನಾಟಿಯಾಗುವ ಗದ್ದೆಯಲ್ಲಿ ಹೀಗೆ ಓಡುವುದು, ಗೆದ್ದವರಿಗೆ ಬಾಳೆಗೊನೆ ಕೊಡುವುದು ಅಲ್ಲಿಯ ಹಳೆಯ ರೂಢಿ. ಆ ವರ್ಷ ಹೆಂಗಸರಿಗೂ ಒಂದು ಓಟ ಇರಲಿ ಎಂದು ಯಾರೋ ಹೇಳಿದರು. ಮೂವತ್ತೊಂಬತ್ತರ ಯಮುನ ಸೀರೆಯನ್ನು ಮೇಲಕ್ಕೆ ಕಟ್ಟಿ ಕೆಸರಿಗೆ ಇಳಿದಳು. ಆಚೆ ಬದುವನ್ನು ಮುಟ್ಟಿ ತಿರುಗಿ ನೋಡಿದಾಗ ಉಳಿದವರೆಲ್ಲ ಗದ್ದೆಯ ನಡುವೆ ನಗುತ್ತ ಬೀಳುತ್ತಿದ್ದರು. ಗುರುವಪ್ಪನವರು ಬಾಳೆಗೊನೆಯನ್ನು ಅವಳ ಹೆಗಲಿಗೆ ಇಡಿಸಿ, “ಬೆಳ್ಯಪ್ಪಾ, ಇವಳ ಹತ್ತಿರ ಜಗಳ ಆಡ್ಬೇಡ. ಓಡಿ ತಪ್ಪಿಸಿಕೊಳ್ಳೂಕೆ ಆಗೂದಿಲ್ಲ ನಿನಗೆ,” ಎಂದರು.

ಮುಂದಿನ ವಾರ ಯಮುನ ರಸ್ತೆಗಿಳಿದಳು. ದಿವ್ಯಳ ಹಳೆಯ ಟ್ರ್ಯಾಕ್ ಪ್ಯಾಂಟು, ಮೇಲೆ ಮೊಣಕಾಲಿನವರೆಗಿನ ಕುರ್ತಾ. ಗುರುವಪ್ಪನವರ ಗೇಟು ಬಂದಾಗ ಕುರ್ತಾವನ್ನು ಕೆಳಗೆಳೆದುಕೊಂಡಳು. ಅವರು ಬೆಳ್ಯಪ್ಪನ ಅಪ್ಪನ ಅಣ್ಣ, ಕುಟುಂಬದಲ್ಲಿ ಎಲ್ಲರಿಗಿಂತ ಹಿರಿಯರು. ಬೆಳಿಗ್ಗೆ ಹಾಲಿನ ಗಾಡಿಗೆ ಕ್ಯಾನು ಇಟ್ಟು ಗೇಟಿನ ಬಳಿಯೇ ನಿಂತಿರುತ್ತಿದ್ದರು. ಮಗ ಎಷ್ಟು ಸಲ ತಾನು ಇಡುತ್ತೇನೆಂದರೂ ಆ ಕೆಲಸವನ್ನು ಬಿಟ್ಟುಕೊಟ್ಟವರಲ್ಲ.

“ಎಲ್ಲಿಗೆ ಕೂಸೇ, ಇಷ್ಟು ಅರ್ಜೆಂಟು?”

“ಎಲ್ಲಿಗೂ ಇಲ್ಲ ದೊಡ್ಡ ಮಾವ.”

ಅವರು ಪ್ಯಾಂಟನ್ನೂ ನೋಡಿದರು, ಬೂಟನ್ನೂ ನೋಡಿದರು. “ಎಲ್ಲಿಗೂ ಇಲ್ಲ ಅಂತಾದ್ರೆ ನಿಂತು ಹೋಗು,” ಎಂದರು.

ಯಮುನ ನಿಂತಳು. ಬಾಗಿ ಎರಡೂ ಅಂಗೈಯಲ್ಲಿ ಅವರ ಪಾದ ಮುಟ್ಟಿ ಹಣೆಗೆ ಒತ್ತಿಕೊಂಡಳು. ಹಿರಿಯರ ಕಾಲು ಹಿಡಿಯುವುದೆಂದರೆ ಅವರಲ್ಲಿ ಮೂರು ಸಲ. ಮೂರು ಸಲವೂ ಹಿಡಿದಳು. “ಒಳ್ಳೆದಾಗಲಿ,” ಎಂದು ಅವರು ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಓಡಿದಳು. ಪ್ಯಾಂಟಿನ ಬಗ್ಗೆ ಆ ಮನೆಯಲ್ಲಾಗಲಿ, ಊರಿನಲ್ಲಾಗಲಿ ಯಾರೂ ಮಾತೆತ್ತಲಿಲ್ಲ. ಗುರುವಪ್ಪನವರು ಹರಸಿ ಕಳಿಸಿದ ಮೇಲೆ ಮಾತೆತ್ತುವವರು ಯಾರು? ಅಂದಿನಿಂದ ಒಂದು ದಿನವೂ ಅವಳು ಕಾಲು ಹಿಡಿಯದೆ ಆ ಗೇಟನ್ನು ದಾಟಿರಲಿಲ್ಲ. ಏರು ಮುಗಿಯುವಲ್ಲಿ ಭಗವತಿ ಗುಡಿ. ಅಲ್ಲೊಮ್ಮೆ ಬಾಗಿ ಕಲ್ಲಿನ ಮೆಟ್ಟಿಲಿಗೆ ಅಂಗೈ ಊರಿ ಕಣ್ಣಿಗೊತ್ತಿಕೊಂಡರೆ ಇಳಿಜಾರು. ಕಾಲುಗಳು ತಾವಾಗಿಯೇ ಮನೆಗೆ ತಂದುಬಿಡುತ್ತಿದ್ದವು.

*

ಮಡಿಕೇರಿಯಲ್ಲಿ ಬೆಳಿಗ್ಗೆ ಓಡುವವರದ್ದೊಂದು ಬಳಗವಿದೆ. ದಿವ್ಯಳ ಒತ್ತಾಯಕ್ಕೆ ಯಮುನ ಅವರ ವಾಟ್ಸಾಪ್ ಗುಂಪಿಗೆ ಸೇರಿದ್ದಳು. ಬಳಗವನ್ನು ನೋಡಿಕೊಳ್ಳುವವನು ತೀರ್ಥಪ್ರಸಾದ್, ಹೈಸ್ಕೂಲೊಂದರ ದೈಹಿಕ ಶಿಕ್ಷಕ. ನವೆಂಬರಿನಲ್ಲಿ ಬೆಟ್ಟದ ರಿಲೇ ಓಟವಿದೆ, ನಲವತ್ತು ದಾಟಿದ ಹೆಂಗಸರ ವಿಭಾಗಕ್ಕೆ ನಾಲ್ವರ ತಂಡ ಕಳಿಸೋಣ ಎಂದು ಅವನು ಬರೆದ. ಎಲ್ಲರೂ ಬೇರೆ ಬೇರೆ ಊರಿನವರು, ಒಂದೇ ಕಡೆ ಓಡಿಸಿ ನೋಡುವುದು ಕಷ್ಟ. ಹಾಗಾಗಿ ಸೆಪ್ಟೆಂಬರಿನಲ್ಲಿ ಅವರವರ ಊರಿನಲ್ಲೇ ಆರು ಕಿಲೋಮೀಟರಿಗೆ ಕಡಿಮೆಯಿಲ್ಲದಂತೆ ಓಡಿ ಆಪಿಗೆ ಹಾಕಬೇಕು. ಅವರವರ ಅತ್ಯುತ್ತಮ ಓಟವನ್ನು ಹಿಡಿದು ಮೊದಲ ನಾಲ್ವರನ್ನು ಆರಿಸುವುದು ಎಂದಾಯಿತು. ತಂಡಕ್ಕೆ ಶರ್ಟೂ ಉಂಟು ಎಂದು ಕೊನೆಯಲ್ಲಿ ಸೇರಿಸಿದ್ದ.

ಆ ಕೊನೆಯ ಸಾಲನ್ನು ಯಮುನ ಎರಡು ಸಲ ಓದಿದಳು. ಮರುದಿನ ಎಂದಿಗಿಂತ ಬೇಗ ಎದ್ದು ಓಡಿ, ಬಂದು, ಆಪಿಗೆ ಹಾಕಿದಳು. ಐದೂವರೆ. ಗುಂಪಿನ ಪಟ್ಟಿಯಲ್ಲಿ ಅವಳ ಹೆಸರು ನೇರವಾಗಿ ಮೇಲೆ ಹೋಗಿ ಕೂತಿತು. ಅವಳ ನಂತರದವಳು ಅವಳಿಗಿಂತ ಬಹಳ ಹಿಂದೆ. ಆ ವಾರವೆಲ್ಲ ತೊಟ್ಟೆ ತುಂಬುವಾಗ ಅವಳು ಗುನುಗುತ್ತಿದ್ದುದನ್ನು ಬೆಳ್ಯಪ್ಪ ಕೇಳಿದ.

ತಿಂಗಳು ಮುಗಿಯಲು ವಾರವೂ ಉಳಿದಿರಲಿಲ್ಲ. ಆಗ ಪ್ರೇಮಾವತಿ ಗುಂಪಿಗೆ ಆ ನಕ್ಷೆಯ ಚಿತ್ರ ಹಾಕಿದಳು. ಅವಳು ಮಡಿಕೇರಿಯ ಹತ್ತಿರ ಹೋಂಸ್ಟೇ ನಡೆಸುವವಳು, ಪಟ್ಟಿಯಲ್ಲಿ ಐದನೆಯವಳು. ‘ಯಮುನಕ್ಕ ಗದ್ದೆ ಮೇಲೆ ಹಾರ್ತಾರಾ? ಅಥವಾ ಗಿಡ ಇಳಿಸೂಕೆ ಪಿಕಪ್ಪಲ್ಲಿ ಹೋಗುವಾಗ ವಾಚು ಕಟ್ಟಿಕೊಂಡಿದ್ದರಾ? ಸುಮ್ಮನೆ ಕೇಳಿದೆ.’ ಕೆಳಗೆ ನಾಲ್ಕೈದು ಜನರ ನಗುವ ಮುಖಗಳು ಸಾಲಾಗಿ ಬಂದವು.

ಯಮುನ ಉತ್ತರ ಬರೆದಳು, ಅಳಿಸಿದಳು. ಮತ್ತೆ ಬರೆದು ಮತ್ತೆ ಅಳಿಸಿದಳು. ಕೊನೆಗೆ ಮೊಬೈಲನ್ನು ಗಂಡನ ಕೈಗೆ ಕೊಟ್ಟಳು. ಬೆಳ್ಯಪ್ಪ ಓದಿ, “ಪಿಕಪ್ಪು ಆ ಏರಿನಲ್ಲಿ ಅಷ್ಟು ಬೇಗ ಹೋಗೂದಾದ್ರೆ ನಾನು ಹೊಸ ಗಾಡಿಗೆ ಯಾಕೆ ಆಸೆ ಪಡ್ತಿದ್ದೆ?” ಎಂದ. ಅವಳಿಗೆ ನಗು ಬರಲಿಲ್ಲ.

ತೀರ್ಥಪ್ರಸಾದ್ ಫೋನು ಮಾಡಿದ. “ಅಕ್ಕ, ಬೇಜಾರು ಮಾಡ್ಕೊಳ್ಬೇಡಿ. ಭಾನುವಾರ ನಾನೇ ಬರ್ತೇನೆ. ನಿಮ್ಮ ಜೊತೆ ಓಡ್ತೇನೆ. ನನ್ನ ವಾಚೂ ಇರ್ತದೆ, ನಿಮ್ಮದೂ ಇರ್ತದೆ. ಎಂತ ಆಗ್ತದೆ ಅಂತ ಕಾಣುವ.”

“ಬನ್ನಿ,” ಎಂದಳು ಯಮುನ. “ತಿಂಡಿಗೆ ಕಡುಬು ಮಾಡ್ತೇನೆ. ನಾನು ಓಡಿದ್ದು ನಿಜವೋ ಸುಳ್ಳೋ, ಕಡುಬು ನಿಜ.”

*

ಭಾನುವಾರ ಮಂಜು ಇನ್ನೂ ಬಯಲಿನಲ್ಲೇ ಕೂತಿತ್ತು. ಇಬ್ಬರೂ ಒಟ್ಟಿಗೆ ಗಡಿಯಾರದ ಗುಂಡಿ ಒತ್ತಿ ಹೊರಟರು. ತೀರ್ಥಪ್ರಸಾದ್ ಎಳೆಯ, ಉದ್ದ ಕಾಲಿನವ. ಬೇಕೆಂದೇ ನಿಧಾನಿಸಿ ಅವಳ ಪಕ್ಕದಲ್ಲಿ ಓಡುತ್ತ, ಹತ್ತು ಹೆಜ್ಜೆಗೊಮ್ಮೆ ಗಡಿಯಾರ ನೋಡಿಕೊಳ್ಳುತ್ತಿದ್ದ. ಯಮುನಳಿಗೆ ಆ ಅಭ್ಯಾಸವಿರಲಿಲ್ಲ. ಮಳೆಯ ಜಾಕೆಟ್ಟಿನ ತೋಳಿನ ಕೆಳಗೆ ಗಡಿಯಾರ ತನ್ನ ಪಾಡಿಗೆ ಇರುತ್ತಿತ್ತು. ಅದನ್ನು ಅವಳು ನೋಡುತ್ತಿದ್ದುದು ಮನೆಗೆ ಬಂದು ಬೂಟು ಬಿಚ್ಚುವಾಗ.

ಗೇಟಿನಲ್ಲಿ ಗುರುವಪ್ಪನವರು ನಿಂತಿದ್ದರು. ಯಮುನ ನಿಂತು ಬಾಗಿದಳು. ತೀರ್ಥಪ್ರಸಾದ್ ನಿಂತ ಜಾಗದಲ್ಲೇ ಕುಣಿಯುತ್ತ ಕಾಯುತ್ತಿದ್ದ.

“ಈ ಹುಡುಗ ಯಾರು? ಕಾಲು ನಿಲ್ಲೂದೇ ಇಲ್ಲವಲ್ಲ,” ಎಂದರು ಗುರುವಪ್ಪನವರು.

“ಓಟದ ಮಾಸ್ಟ್ರು, ದೊಡ್ಡ ಮಾವ. ಮಡಿಕೇರಿಯಿಂದ ಬಂದದ್ದು.”

“ಮಡಿಕೇರಿಯವರಿಗೂ ಅಪ್ಪ ಅಮ್ಮ ಇರ್ತಾರಲ್ಲ. ಯಾರ ಮಗ?”

ತೀರ್ಥಪ್ರಸಾದ್ ಅಪ್ಪನ ಹೆಸರು ಹೇಳಿದ, ಸಾಲದೆ ಅಜ್ಜನ ಹೆಸರನ್ನೂ ಹೇಳಿದ. ಗುರುವಪ್ಪನವರ ಮುಖ ಅರಳಿತು. ಆ ಅಜ್ಜನೂ ಇವರೂ ಒಂದೇ ಬೆಂಚಿನಲ್ಲಿ ಕೂತು ಪೆಟ್ಟು ತಿಂದವರಂತೆ. ಇನ್ನು ಕುಣಿಯುತ್ತ ನಿಲ್ಲುವುದು ಸಾಧ್ಯವಿರಲಿಲ್ಲ. ತೀರ್ಥಪ್ರಸಾದ್ ಹತ್ತಿರ ಬಂದು ಬಾಗಿ ಅವರ ಕಾಲು ಹಿಡಿದ.

ಅವನ ಗಡಿಯಾರ ಕಿಣಿ ಎಂದಿತು. ಎರಡನೆಯ ಸಲ ಬಾಗಿದಾಗ ಮತ್ತೆ ಕಿಣಿ. ಮೂರನೆಯ ಸಲ ಮತ್ತೊಮ್ಮೆ.

ಅವನು ಬಾಗಿದಲ್ಲೇ ಉಳಿದು ಮಣಿಕಟ್ಟನ್ನು ನೋಡಿದ. ಗಡಿಯಾರ ನಿಂತಿತ್ತು. ಓಟವನ್ನು ತಡೆಹಿಡಿದಿದ್ದೇನೆ ಎಂದು ಅದರ ಮುಖದ ಮೇಲೆ ಬರೆದಿತ್ತು.

“ಅಕ್ಕ, ನಿಮ್ಮದು ತೋರಿಸಿ.”

ಯಮುನ ಜಾಕೆಟ್ಟಿನ ತೋಳು ಸರಿಸಿದಳು. ಅದೂ ನಿಂತಿತ್ತು.

ತೀರ್ಥಪ್ರಸಾದ್ ಎಡ ಅಂಗೈಯನ್ನು ಕೆಳಮುಖ ಮಾಡಿ, ಪಾದ ಮುಟ್ಟುವಂತೆ ಹಿಂದಕ್ಕೆ ಮಡಿಸಿ ತೋರಿಸಿದ. ಅಂಗೈ ಚಪ್ಪಟೆಯಾಗಿ ಊರಿದಾಗ ಕೈಯ ಹಿಂಬದಿ ಎದ್ದು ಗಡಿಯಾರದ ಪಕ್ಕದ ಗುಂಡಿಯನ್ನು ಒತ್ತುತ್ತಿತ್ತು. “ಒಮ್ಮೆ ಒತ್ತಿದ್ರೆ ನಿಲ್ತದೆ. ಇನ್ನೊಮ್ಮೆ ಒತ್ತಿದ್ರೆ ಹೊರಡ್ತದೆ. ಮೂರನೇ ಸಲಕ್ಕೆ ಪುನಃ ನಿಲ್ತದೆ. ನೀವು ದಿನಾ ಇಲ್ಲಿಂದ ಮುಂದೆ ನಿಂತ ಗಡಿಯಾರ ಕಟ್ಟಿಕೊಂಡೇ ಓಡಿದ್ದು ಅಕ್ಕ.”

“ಹಾಗಾದ್ರೆ ನಾಲ್ಕು ಸಲ ಹಿಡೀಲಿ,” ಎಂದರು ಗುರುವಪ್ಪನವರು. “ನನ್ನದೆಂತ ಹೋಗ್ತದೆ?”

ಮೂವರೂ ನಕ್ಕರು. ಆದರೆ ಗುರುವಪ್ಪನವರ ನಗು ಮೊದಲು ನಿಂತಿತು. “ನನ್ನಿಂದ ಇವಳಿಗೆ ತೊಂದರೆ ಆಯ್ತಾ?” ಎಂದು ಕೇಳಿದರು.

“ಇಲ್ಲ ದೊಡ್ಡ ಮಾವ,” ಎಂದಳು ಯಮುನ. ತೀರ್ಥಪ್ರಸಾದ್ ಅದೇ ಹೊತ್ತಿಗೆ, “ಸ್ವಲ್ಪ ಆಗಿದೆ ಅಜ್ಜ,” ಎಂದುಬಿಟ್ಟ. ಮಾಸ್ತರನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಗಡಿಯಾರಗಳನ್ನು ಹಾಗೆಯೇ ಬಿಟ್ಟು ಅವರು ಏರು ಹತ್ತಿದರು. ಅವನು ಮೊಬೈಲಿನಲ್ಲಿ ಬೇರೆಯಾಗಿ ಸಮಯ ಹಿಡಿದಿದ್ದ. ಗುಡಿಯ ಮೆಟ್ಟಿಲಿಗೆ ಯಮುನ ಅಂಗೈ ಊರಿ ಎದ್ದಳು. ತೋಳು ಸರಿಸಿ ನೋಡಿದರೆ ಗಡಿಯಾರ ಮತ್ತೆ ಓಡುತ್ತಿತ್ತು. ದೊಡ್ಡ ಮಾವ ನಿಲ್ಲಿಸಿದ್ದನ್ನು ಭಗವತಿ ಹೊರಡಿಸುತ್ತಿದ್ದಳು. ನಡುವಿನ ಏರು, ಎದೆ ಒಡೆಯುವ ಆ ಏರು, ನಾಲ್ಕು ತಿಂಗಳಿನಿಂದ ಯಾವ ಲೆಕ್ಕದಲ್ಲೂ ಇರಲಿಲ್ಲ. ಗಡಿಯಾರ ಅದನ್ನು ಕಂಡೇ ಇರಲಿಲ್ಲ. ಆಪು ಮಾತ್ರ, ಗೇಟಿನಲ್ಲಿ ಕಳೆದುಹೋದವಳು ಗುಡಿಯಲ್ಲಿ ಸಿಕ್ಕಿದಳಲ್ಲ ಎಂದು ಎರಡು ಚುಕ್ಕಿಗಳ ನಡುವೆ ಗದ್ದೆಯ ಮೇಲೆ ಗೆರೆ ಎಳೆದು, ಆ ದೂರವನ್ನು ಪುಕ್ಕಟೆಯಾಗಿ ಕೊಟ್ಟುಬಿಡುತ್ತಿತ್ತು. ಹಿಡಿದ ಸಮಯ ಸೊನ್ನೆ. ಮರಗಳದ್ದು ಏನೂ ತಪ್ಪಿರಲಿಲ್ಲ.

ಮನೆಯಲ್ಲಿ ಕಡುಬಿಗೆ ಚಟ್ನಿ ಬಡಿಸುವಾಗ ತೀರ್ಥಪ್ರಸಾದ್ ಲೆಕ್ಕ ಹಾಕಿ ತೋರಿಸಿದ. ಎಂಟು ಕಿಲೋಮೀಟರು, ಏರು ಸೇರಿ, ನಿಂತದ್ದೂ ಸೇರಿ, ಕಿಲೋಮೀಟರಿಗೆ ಏಳು ನಿಮಿಷದ ಮೇಲೆ.

ಯಮುನ ಆ ಅಂಕಿಯನ್ನು ನೋಡುತ್ತ ಸೌಟು ಹಿಡಿದು ನಿಂತಳು. ತನ್ನನ್ನು ಪಟ್ಟಿಯಿಂದ ತೆಗೆದರೆ ಪ್ರೇಮಾವತಿ ನಾಲ್ಕನೆಯವಳಾಗುತ್ತಿದ್ದಳು. ಅವಳದ್ದು ಆರು ನಿಮಿಷ ನಲವತ್ತೈದು ಸೆಕೆಂಡು.

“ಒಂದು ಕೆಲಸ ಮಾಡುವ ಅಕ್ಕ,” ತೀರ್ಥಪ್ರಸಾದ್ ತಟ್ಟೆಯನ್ನೇ ನೋಡುತ್ತ ಹೇಳಿದ. “ಆಪಿನದ್ದು ತಪ್ಪು ಅಂತ ಗುಂಪಿಗೆ ಹೇಳ್ತೇನೆ. ಆದರೆ ವಾಚಿನದ್ದು ಆರೂವರೆ ಉಂಟಲ್ಲ, ಅದು ನೀವು ಓಡಿದ್ದೇ. ಅಷ್ಟು ದೂರ, ಅಷ್ಟು ಹೊತ್ತು, ಒಂದೂ ಸುಳ್ಳಲ್ಲ. ಅದನ್ನೇ ಹಿಡಿದ್ರೂ ನೀವು ತಂಡದಲ್ಲಿ ಇರ್ತೀರಿ.”

ಬೆಳ್ಯಪ್ಪ ಹೆಂಡತಿಯ ಮುಖ ನೋಡಿದ. ಯಮುನ ಅವನಿಗೆ ಇನ್ನೊಂದು ಕಡುಬು ಹಾಕಿದಳು, ಮಾಸ್ತರನಿಗೂ ಹಾಕಿದಳು.

“ಅದರಲ್ಲಿ ಏರು ಇಲ್ಲವಲ್ಲ,” ಎಂದಳು.

“ಏರು ಇಲ್ಲ.”

“ಬೆಟ್ಟದ ಓಟಕ್ಕೆ ಏರು ಬಿಟ್ಟು ಲೆಕ್ಕ ಕೊಡೂದು ಹೇಗೆ ಮಾಸ್ಟ್ರೇ? ಇವತ್ತಿನದ್ದನ್ನೇ ಹಾಕಿ. ತಿಂಗಳು ಮುಗೀಲಿಕ್ಕೆ ಇನ್ನೂ ದಿನ ಉಂಟಲ್ಲ. ಓಡ್ತೇನೆ.”

ಅವನು ಹೋಗುವ ಮೊದಲು ಅವಳ ಗಡಿಯಾರವನ್ನು ಬಿಚ್ಚಿ, ಗುಂಡಿ ಮೊಣಕೈಯ ಕಡೆ ಬರುವಂತೆ ತಿರುಗಿಸಿ ಕಟ್ಟಿದ. ಅಂಕಿಗಳು ತಲೆಕೆಳಗಾದವು. ಅದಕ್ಕೆ ಅವಳ ಅಭ್ಯಂತರವಿರಲಿಲ್ಲ. ಅಂದು ಸಂಜೆ ಅವನು ಗುಂಪಿಗೆ ಎಲ್ಲವನ್ನೂ ಬರೆದ. ಇನ್ನು ಮುಂದೆ ಎಲ್ಲರದ್ದೂ ಹೊರಟಲ್ಲಿಂದ ಮುಟ್ಟುವವರೆಗಿನ ಪೂರ್ತಿ ಸಮಯ, ನಡುವೆ ನಿಂತರೂ ಸರಿ, ಕೂತರೂ ಸರಿ ಎಂದ. ನಗುವ ಮುಖಗಳು ಮತ್ತೆ ಬಂದವು. ಈ ಸಲದವು ಬೇರೆ ತರಹದವು.

*

ಸೋಮವಾರ ಗುರುವಪ್ಪನವರ ಗೇಟಿನಲ್ಲಿ ಯಾರೂ ಇರಲಿಲ್ಲ. ಹಾಲಿನ ಕ್ಯಾನು ಕಲ್ಲಿನ ಮೇಲೆ ಒಂಟಿಯಾಗಿ ಕೂತಿತ್ತು.

ಯಮುನಳ ಕಾಲುಗಳು ತಾವಾಗಿಯೇ ನಿಧಾನವಾದವು. ಈಗ ಬರಬಹುದು ಎಂದು ಅಂಗಳದ ಕಡೆ ನೋಡಿದಳು. ಜ್ವರವೇನೋ ಎಂದುಕೊಂಡಳು. ನಿಂತೇಬಿಟ್ಟಳು. ಒಳಗೆ ಪಾತ್ರೆಯ ಸದ್ದು ಕೇಳಿಸಿತು, ಅವರ ಕೆಮ್ಮೂ ಕೇಳಿಸಿತು. ಜಗಲಿಯ ಕಂಬದ ಹಿಂದೆ ಬಿಳಿ ಪಂಚೆಯ ಅಂಚು ಕಂಡಿತು, ಕಂಡದ್ದೇ ಸರಿದುಹೋಯಿತು. ಆಗ ಅವಳಿಗೆ ಅರ್ಥವಾಯಿತು. ತನ್ನ ದಾರಿಯಿಂದ ಅವರು ಸರಿದು ನಿಂತಿದ್ದರು.

ಅವಳು ಓಡಿದಳು. ಎಂದಿಗಿಂತ ಮೈಭಾರವೆನಿಸಿತು. ಏರಿನಲ್ಲಿ ಎರಡು ಕಡೆ ನಡೆದಳು. ಆ ದಿನದ ಅಂಕಿ ಭಾನುವಾರದ್ದಕ್ಕಿಂತ ಕೆಟ್ಟದು. ಮಂಗಳವಾರವೂ ಗೇಟು ಖಾಲಿ. ಅಂದು ಅವಳು ನಿಲ್ಲಲಿಲ್ಲ, ಆದರೆ ಗೇಟು ದಾಟಿದ ಮೇಲೂ ಯಾರೋ ಕರೆದಂತಾಗಿ ಎರಡು ಸಲ ತಿರುಗಿ ನೋಡಿದಳು. ಏಳು ನಿಮಿಷಕ್ಕೆ ಸ್ವಲ್ಪ ಕಡಿಮೆ ಬಂತು. ಸಾಲದು.

ಸಂಜೆ ಬೆಳ್ಯಪ್ಪ ದೊಡ್ಡಪ್ಪನ ಮನೆಗೆ ಹೋದ. ಗೊಬ್ಬರ ಕೇಳುವ ನೆಪ. “ಎಂತ ದೊಡ್ಡಪ್ಪ, ಬೆಳಿಗ್ಗೆ ಕಾಣೂದೇ ಇಲ್ಲವಂತೆ?” ಎಂದ.

“ನಾನು ನಿಂತ್ರೆ ಅವಳು ನಿಲ್ಬೇಕು. ಅವಳು ನಿಂತ್ರೆ ಲೆಕ್ಕ ಹೋಗ್ತದೆ. ಆ ಮಾಸ್ಟ್ರು ಹೇಳಿದನಲ್ಲ.”

“ನೀವು ಇಲ್ಲದ್ದಕ್ಕೆ ನಿನ್ನೆ ಅವಳು ಗೇಟಿನಲ್ಲಿ ಕಾದು ನಿಂತಿದ್ದಳಂತೆ. ಕಾಲು ಹಿಡಿಯೂದಕ್ಕಿಂತ ಹೆಚ್ಚು ಹೊತ್ತು ಅದಕ್ಕೇ ಹೋಯ್ತು.”

ಗುರುವಪ್ಪನವರು ಬಾಯಿಗೆ ಹಾಕಲಿದ್ದ ಅಡಿಕೆಯ ಹೋಳನ್ನು ತಟ್ಟೆಗೆ ಮರಳಿಸಿದರು. “ಎರಡೂ ಕಷ್ಟವೇ ಆಯ್ತಲ್ಲ ಮಾರಾಯ,” ಎಂದರು. ಗೊಬ್ಬರದ ಮಾತು ಇಬ್ಬರಿಗೂ ಮರೆತುಹೋಯಿತು.

ಬುಧವಾರ ತಿಂಗಳ ಕೊನೆಯ ದಿನ. ಯಮುನ ಬೂಟಿನ ದಾರ ಬಿಗಿದು ಅಂಗಳಕ್ಕೆ ಇಳಿದಾಗ ಮಂಜಿನಲ್ಲಿ ಯಾರೋ ಬರುವುದು ಕಂಡಿತು. ತಲೆಗೆ ಮಫ್ಲರು, ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಟಾರ್ಚು. ಗುರುವಪ್ಪನವರು ಅವಳ ನರ್ಸರಿಯ ಗೇಟಿನ ಮುಂದೆ ಬಂದು ನಿಂತು ಉಸಿರು ತಿರುಗಿಸಿಕೊಂಡರು. ಎಂಬತ್ತು ದಾಟಿದ ಅವರು ಅಷ್ಟು ದೂರ ನಡೆದು ಬಂದದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

“ಗುಂಡಿ ಒತ್ತಿದ್ದೀಯಾ?”

“ಇಲ್ಲ ದೊಡ್ಡ ಮಾವ.”

“ಒತ್ತಬೇಡ. ಮೊದಲು ಇದು ಮುಗೀಲಿ.”

ಅವಳು ಬಾಗಿ ಮೂರು ಸಲ ಕಾಲು ಹಿಡಿದಳು. ಕೆರದ ಮೇಲೆಲ್ಲ ಕೆಸರು, ಪಾದ ತಣ್ಣಗಿತ್ತು. ಅವರು ತಲೆಯ ಮೇಲೆ ಕೈಯಿಟ್ಟು ಎಂದಿನ ಮಾತು ಹೇಳಿ, ಗೇಟಿನ ಬದಿಗೆ ಸರಿದರು. “ಈಗ ಒತ್ತು. ಇನ್ನು ದಾರಿಯಲ್ಲಿ ಯಾರೂ ಇಲ್ಲ,” ಎಂದರು.

ಅವಳು ಓಡಿದಳು. ಅವರ ಗೇಟನ್ನು ನಿಲ್ಲದೆ ದಾಟಿದಳು. ಏರಿನ ಮೊದಲ ತಿರುವಿನಲ್ಲಿ ಉಸಿರು ಕಟ್ಟಿತು, ಎರಡನೆಯದರಲ್ಲಿ ಪಕ್ಕೆ ಹಿಡಿಯಿತು, ಅವಳು ನಡೆಯಲಿಲ್ಲ. ತಲೆಕೆಳಗಾದ ಗಡಿಯಾರ ತೋಳಿನ ಕೆಳಗೆ ಈ ಏರನ್ನು ಒಂದೊಂದೇ ಹೆಜ್ಜೆಯಾಗಿ ಎಣಿಸಿಕೊಳ್ಳುತ್ತಿದೆ ಎಂಬುದು ನೆನಪಾಗಿ, ಕಷ್ಟದ ನಡುವೆ ಒಂದು ಬಗೆಯ ಸಂತೋಷವೂ ಆಯಿತು. ಗುಡಿಯ ಮುಂದೆ ಬಾಗಿ ಮೆಟ್ಟಿಲು ಮುಟ್ಟಿದಳು. ಅದನ್ನು ಬಿಟ್ಟರೆ ಒಂದೆರಡು ಸೆಕೆಂಡು ಉಳಿಯುತ್ತಿತ್ತು. ಬಿಡಬೇಕೆಂದು ಅವಳಿಗೆ ತೋಚಲಿಲ್ಲ. ಇಳಿಜಾರಿನಲ್ಲಿ ಮಂಜು ಹರಿದು ಬಯಲಿನ ಪೈರು ಹಸಿರಾಗಿ ಹೊಳೆಯಿತು. ಆ ಗೆರೆ ಹಾದುಹೋಗುತ್ತಿದ್ದ ಜಾಗದಲ್ಲಿ ಕೊಕ್ಕರೆಗಳು ಕೂತಿದ್ದವು.

ಮನೆಯಂಗಳದಲ್ಲಿ ಬೆಳ್ಯಪ್ಪ ಮೊಬೈಲು ಹಿಡಿದು ಕಾಯುತ್ತಿದ್ದ. ಗಡಿಯಾರದಿಂದ ಆಪಿಗೆ ಓಟ ಇಳಿಯುವಾಗ ತಿರುಗುವ ಆ ಚಿಕ್ಕ ಚಕ್ರ ಬಹಳ ಹೊತ್ತು ತಿರುಗಿತು. ಆಮೇಲೆ ನಕ್ಷೆ ಬಂತು. ಕಿತ್ತಳೆ ಗೆರೆ ಗದ್ದೆಯನ್ನು ಮುಟ್ಟದೆ ರಸ್ತೆಯನ್ನೇ ಹಿಡಿದು ಬಯಲನ್ನು ಪೂರ್ತಿ ಸುತ್ತಿತ್ತು. ಗಡಿಯಾರದಲ್ಲೂ ಆಪಿನಲ್ಲೂ ಒಂದೇ ಅಂಕಿ. ಆರು ನಿಮಿಷ ನಲವತ್ತೊಂಬತ್ತು ಸೆಕೆಂಡು.

ಪ್ರೇಮಾವತಿಯದ್ದಕ್ಕಿಂತ ನಾಲ್ಕು ಸೆಕೆಂಡು ಹೆಚ್ಚು.

ಯಮುನ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಬೂಟು ಬಿಚ್ಚಿದಳು. ನೀರು ಕುಡಿದಳು. ಹುಡುಗಿಯಾಗಿದ್ದಾಗ ಸಿಡುಬಿನ ಹಾಸಿಗೆಯಲ್ಲಿ ಮಲಗಿ ಅತ್ತದ್ದು ನೆನಪಾಯಿತು. ಈಗ ಅಳು ಬರಲಿಲ್ಲ. ತೊಟ್ಟೆಗಳಿಗೆ ನೀರು ಹಾಕುವ ಹೊತ್ತಾಗಿತ್ತು, ಎದ್ದು ಹೋದಳು.

ಮಧ್ಯಾಹ್ನ ಪ್ರೇಮಾವತಿಯ ಫೋನು ಬಂತು. “ಯಮುನಕ್ಕ, ಆ ಪಿಕಪ್ಪಿನ ಮಾತು ನಾನು ಬರೀಬಾರದಿತ್ತು. ಭಾನುವಾರದಿಂದ ನನಗೆ ಊಟ ಸೇರೂದಿಲ್ಲ.”

“ಊಟ ಮಾಡಿ ಮಾರಾಯ್ತಿ. ನನ್ನ ಜಾಗದಲ್ಲಿ ಓಡೂದು ನೀವು. ಹಸಿದುಕೊಂಡು ಓಡಿದ್ರೆ ನನಗೇ ನಷ್ಟ.”

ಆ ಕಡೆಯಿಂದ ನಗು ಕೇಳಿಸಿತು. “ಐದನೆಯವರು ಮೀಸಲು ಅಂತೆ, ನಮ್ಮ ಜೊತೆ ಬರಬೇಕಂತೆ. ಮಾಸ್ಟ್ರು ಹೇಳಿದ್ರು, ನಾಲ್ಕಲ್ಲ ಐದು ಶರ್ಟು ಹೊಲಿಸೂದು ಅಂತ. ನಿಮ್ಮ ಅಳತೆ ಹೇಳಿ.”

ಯಮುನ ಅಳತೆ ಹೇಳಿದಳು. ಬಣ್ಣ ಯಾವುದೆಂದು ಕೇಳಬೇಕೆನಿಸಿತು, ಕೇಳಲಿಲ್ಲ.

*

ಮರುದಿನ ಗುರುವಪ್ಪನವರು ತಮ್ಮ ಗೇಟಿನಲ್ಲೇ ಹಾಲಿನ ಕ್ಯಾನಿನ ಪಕ್ಕ ನಿಂತಿದ್ದರು. ಯಮುನ ದೂರದಿಂದಲೇ ನಿಧಾನಿಸುವುದನ್ನು ಕಂಡು ಕೋಲನ್ನು ಗೇಟಿಗೆ ಒರಗಿಸಿದರು. ಅವಳು ಕಾಲು ಹಿಡಿದು ಏಳುವವರೆಗೆ ಏನೂ ಕೇಳಲಿಲ್ಲ.

“ಬೆಳ್ಯಪ್ಪ ಹೇಳಿದ. ನಾಲ್ಕು ಸೆಕೆಂಡು ಅಂತಲ್ಲ.”

“ಹೌದು ದೊಡ್ಡ ಮಾವ.”

“ನಿನ್ನೆ ನೀನು ನನ್ನ ಹತ್ತಿರ ನಿಲ್ಲಲಿಲ್ಲ.”

“ಇಲ್ಲ.”

“ಅಂತಾದ್ರೆ ತಡ ಮಾಡಿದ್ದು ನಾನಲ್ಲ.”

ಅವರ ಮುಖ ನೋಡಿದಾಗ ಯಮುನಳಿಗೆ ತಿಳಿಯಿತು, ಇದೊಂದನ್ನು ಕೇಳಿ ತಿಳಿಯಲು ಅವರು ನಿನ್ನೆಯಿಂದ ಕಾದಿದ್ದರು. “ನೀವಲ್ಲ ದೊಡ್ಡ ಮಾವ,” ಎಂದಳು. “ಏರು.”

“ಏರಾ?” ಗುರುವಪ್ಪನವರು ತಲೆ ಎತ್ತಿ, ಬೆಳಕು ಬೀಳುತ್ತಿದ್ದ ರಸ್ತೆಯ ಕಡೆ ನೋಡಿದರು. “ಅದನ್ನು ನಾನೂ ಹತ್ತಿದ್ದೇನೆ, ಬೆನ್ನ ಮೇಲೆ ಭತ್ತದ ಮೂಟೆ ಹೊತ್ತು. ಅದು ಯಾರನ್ನೂ ಸುಮ್ಮನೆ ಬಿಡೂದಿಲ್ಲ.”

ಹಾಲಿನ ಗಾಡಿಯ ಸದ್ದು ತಿರುವಿನಲ್ಲಿ ಕೇಳಿಸಿತು. ಅವರು ಕ್ಯಾನಿನ ಮುಚ್ಚಳವನ್ನು ಒತ್ತಿ ನೋಡಿದರು. “ಹೊರಡು ಕೂಸೇ. ಗಡಿಯಾರ ಓಡ್ತಾ ಉಂಟಾ?”

ಯಮುನ ತೋಳು ಸರಿಸಿ ನೋಡಿದಳು. ತಲೆಕೆಳಗಾದ ಅಂಕಿಗಳು ಬದಲಾಗುತ್ತಲೇ ಇದ್ದವು.

“ಓಡ್ತಾ ಉಂಟು,” ಎಂದು ಅವಳು ಏರಿನ ಕಡೆ ತಿರುಗಿದಳು.